ಹದಿನಾಲ್ಕು ಹನಿಗಳ ಪ್ರಿಂಟು

ಕಪ್ಪು-ಬಿಳುಪು ಫೋಟೊವನ್ನು ಕಾಗದಕ್ಕೆ ಇಳಿಸುವ ಕೆಲಸದಲ್ಲಿ ಇಡೀ ಇಪೋ ಪಟ್ಟಣದಲ್ಲಿ ನನ್ನನ್ನು ಮೀರಿಸಿದವರಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ತುಂಬಿಯೂ ತುಳುಕುವವಳು. ಹಳೆಪೇಟೆಯ ಒಂದು ಮಹಡಿಯ ಮೇಲೆ ದೊಡ್ಡ ಇಂಕ್‌ಜೆಟ್ ಪ್ರಿಂಟರಿನ ಜೊತೆ ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತುಳುಕುವ ಹಕ್ಕಿದೆ. ನನ್ನ ಹೆಸರು ಫೂಂಗ್ ಯೋಕ್ ಲಾನ್. ಎಲ್ಲರೂ ಲಾನ್ ಅಂತಲೇ ಕರೆಯುತ್ತಾರೆ.

ಭಾನುವಾರ ಬೆಳಗ್ಗೆ ಫೋಟೊ ಹುಚ್ಚಿನ ನಮ್ಮ ಗುಂಪು ಕೆಂಗ್ ಸೋ ಅವಳ ಕಾಫಿ ಅಂಗಡಿಯಲ್ಲಿ ಸೇರುತ್ತದೆ. ಕಾಫಿ ಬಟ್ಟಲು, ಕಾಯಾ ಎಂಬ ತೆಂಗಿನಹಾಲಿನ ಜಾಮು ಸವರಿದ ಬ್ರೆಡ್ಡು, ಅರೆಬೆಂದ ಮೊಟ್ಟೆ ಎಲ್ಲವನ್ನೂ ಪಕ್ಕದ ಮೇಜಿಗೆ ಸಾಗಿಸಿ, ಅಮೃತಶಿಲೆಯ ಮೇಜನ್ನು ಎರಡು ಸಲ ಒರೆಸಿ, ಅದರ ಮೇಲೆ ಪ್ರಿಂಟುಗಳನ್ನು ಹರಡುತ್ತೇವೆ. ಯಾರದು ಯಾವುದು ಎಂದು ಬಾಯಿಬಿಡುವಂತಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಮಾತ್ರ ಇರುತ್ತದೆ. ಆ ಗುರುತು ಹಾಕುವವಳು ಕೆಂಗ್ ಸೋ. ಅವಳ ಲೆಕ್ಕದಲ್ಲಿ ಫೋಟೊ ಎಂದರೆ ಗುರುತಿನ ಚೀಟಿಗೆ ಅಂಟಿಸುವುದು, ಹಾಗಾಗಿ ಅವಳಿಗೆ ಪಕ್ಷಪಾತವಿಲ್ಲ. ಎಲ್ಲರೂ ಮಸೂರವನ್ನು ಕಣ್ಣಿಗೊತ್ತಿ ನೋಡಿ ತೀರ್ಪು ಹೇಳಿದ ಮೇಲೆಯೇ ಕಾಗದ ಮಗುಚುವುದು.

ಈ ಗುಂಪಿನಲ್ಲಿ ನನಗೆ ಎದುರು ಮಾತಾಡುವವರು ಒಬ್ಬರೇ, ಕುಲಸಿಂಗಂ ಡಾಕ್ಟರು. ನಿವೃತ್ತ ದಂತವೈದ್ಯರು. ಉಳಿದವರು ಜೇಬಿನಲ್ಲಿ ಮಸೂರ ತಂದರೆ ಇವರು ಹಲ್ಲು ಕೊರೆಯುವಾಗ ತೊಡುತ್ತಿದ್ದ ಕನ್ನಡಕವನ್ನೇ ತರುತ್ತಾರೆ. ಅದರಲ್ಲಿ ಎರಡು ಪುಟ್ಟ ದುರ್ಬೀನು, ಹಣೆಯ ಮೇಲೆ ಒಂದು ದೀಪ. ಅದನ್ನು ತೊಟ್ಟು ಅವರು ಬಗ್ಗಿದರೆ ಫೋಟೊದಲ್ಲಿರುವವರು ತಾವಾಗಿಯೇ ಬಾಯಿ ತೆರೆಯಬೇಕು.

ಅಕ್ಟೋಬರ್ ಕೊನೆಯ ಭಾನುವಾರ ಇವರು ಹೊಸ ರಾಗ ತೆಗೆದರು.

"ಲಾನ್, ನಿನ್ನ ಪ್ರಿಂಟರ್ ಒಳ್ಳೇದೇ. ಅದರ ತಲೇಲಿ ಕೂತಿರೋನು ಸರಿ ಇಲ್ಲ."

ತಲೆಯಲ್ಲಿ ಕೂತಿರುವವನು ಎಂದರೆ ಡ್ರೈವರ್. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ನಿಂತು, ಎಲ್ಲಿ ಎಷ್ಟು ಶಾಯಿ ಚಿಮ್ಮಬೇಕು, ಚುಕ್ಕೆ ಎಷ್ಟು ಸಣ್ಣದಿರಬೇಕು ಎಂದು ಅಪ್ಪಣೆ ಕೊಡುವ ತಂತ್ರಾಂಶ. ಪ್ರಿಂಟರ್ ಮಾಡಿದ ಕಂಪನಿಯೇ ಒಂದನ್ನು ಕೊಟ್ಟಿರುತ್ತದೆ. ನಾನು ಮೊದಲಿನಿಂದಲೂ ಅದನ್ನೇ ಬಳಸಿದವಳು, ಅದರ ಗುಣಾವಗುಣ ಗಂಡನ ಗುಣಾವಗುಣದ ಹಾಗೆ ಗೊತ್ತು. ಡಾಕ್ಟರು ಬೇರೆ ಯಾರೋ ಬರೆದ ಡ್ರೈವರ್ ತರಿಸಿಕೊಂಡಿದ್ದರು. ಬರೀ ಕಪ್ಪು-ಬಿಳುಪಿಗಾಗಿಯೇ ಮಾಡಿದ್ದಂತೆ, ಬಣ್ಣದ ಶಾಯಿಯನ್ನು ಮುಟ್ಟುವುದೇ ಇಲ್ಲವಂತೆ, ಕೂದಲಿನ ಎಳೆಯನ್ನೂ ಎರಡಾಗಿ ಸೀಳಿ ತೋರಿಸುತ್ತದಂತೆ.

"ಮನೇಲಿ ಪುಟ್ಟ ಪ್ರಿಂಟರಲ್ಲಿ ನೋಡ್ಕೊಂಡು ಹೇಳ್ತಿದೀರಾ?" ಎಂದೆ. "ನಿಮ್ಮ ಪ್ರಿಂಟರ್ ಬೇರೆ, ಕಾಗದ ಬೇರೆ. ಹುಣಸೆಹಣ್ಣಿಗೂ ನಿಂಬೆಹಣ್ಣಿಗೂ ಹುಳಿ ಹೋಲಿಸ್ದಂಗಾಯ್ತು."

"ಹಾಗಾದ್ರೆ ನಿನ್ನ ಪ್ರಿಂಟರಲ್ಲೇ, ನಿನ್ನ ಕಾಗದದಲ್ಲೇ ಮಾಡೋಣ. ಹೆದರಿಕೆನಾ?"

ಹೆದರಿಕೆ ಎಂಬ ಮಾತನ್ನು ನನ್ನೆದುರು ಆಡಬಾರದು. "ಯಾವ ಫೋಟೊ?" ಎಂದೆ.

ಅಲ್ಲಿಯವರೆಗೆ ಮೊಟ್ಟೆಗೆ ಸೋಯಾ ಸಾಸು ಹಾಕಿ ಕಲಸುತ್ತಿದ್ದ ಚೌ ಸುಕ್ ತಲೆ ಎತ್ತಿದರು. "ಕಮ್ ಲಿಂಗ್ ಫೋಟೊ ಮಾಡಿ," ಎಂದರು.

ಚೌ ಸುಕ್‌ಗೆ ಎಂಬತ್ತಾರು ವರ್ಷ. ಸುಕ್ ಎಂದರೆ ಚಿಕ್ಕಪ್ಪ. ನನಗೆ ರಕ್ತಸಂಬಂಧವೇನೂ ಇಲ್ಲ, ಊರಿಗೆಲ್ಲ ಅವರು ಚಿಕ್ಕಪ್ಪನೇ. ಕಿಂಟಾ ಕಣಿವೆಯ ತವರದ ಗಣಿಗಳು ಉಸಿರಾಡುತ್ತಿದ್ದ ಕಾಲದಲ್ಲಿ ಅವುಗಳ ಫೋಟೊ ತೆಗೆದವರು. ಈಗ ಆ ಗಣಿಗಳು ನೀರು ತುಂಬಿದ ಹೊಂಡಗಳಾಗಿವೆ, ಹೊಂಡಗಳಲ್ಲಿ ಮೀನು ಸಾಕುತ್ತಾರೆ. ಉಳಿದಿರುವುದು ಇವರ ನೆಗೆಟಿವ್‌ಗಳು. ಜನವರಿಯಲ್ಲಿ ರೈಲು ನಿಲ್ದಾಣದ ಬಳಿಯ ಹಳೇ ಗೋದಾಮಿನಲ್ಲಿ ಅವರ ನಲವತ್ತು ಚಿತ್ರಗಳ ಪ್ರದರ್ಶನ ಎಂದು ಗೊತ್ತಾಗಿತ್ತು. ಅವರ ಬದುಕಿನಲ್ಲಿ ಅವರೊಬ್ಬರದೇ ಪ್ರದರ್ಶನ ಅದು ಮೊದಲನೆಯದು. ಎರಡನೆಯದು ಇರುವುದಿಲ್ಲ ಎಂದು ಅವರೇ ನಗುತ್ತ ಹೇಳುತ್ತಿದ್ದರು.

ಮೂವತ್ತೊಂಬತ್ತು ಚಿತ್ರಗಳ ಬಗ್ಗೆ ಅವರಿಗೆ ತಕರಾರಿರಲಿಲ್ಲ. ನಾನು ತೋರಿಸಿದ ಮಾದರಿ ನೋಡಿ ತಲೆಯಾಡಿಸಿದ್ದರು. ನಲವತ್ತನೆಯದು ಅವರ ಹೆಂಡತಿ ಕಮ್ ಲಿಂಗ್‌ದು. ಅರವತ್ತೆರಡನೇ ಇಸವಿಯಲ್ಲಿ ತೆಗೆದದ್ದು. ಹುಲ್ಲಿನ ಟೋಪಿ ತೊಟ್ಟ ಆಕೆ ಗಣಿಯ ನೀರಿನಲ್ಲಿ ಸೊಂಟದ ಮಟ್ಟ ನಿಂತು ದುಲಾಂಗ್ ಎತ್ತಿದ್ದಾಳೆ. ದುಲಾಂಗ್ ಎಂದರೆ ಅದಿರು ಜಾಲಿಸುವ ಅಗಲವಾದ ಮರದ ಬೋಗುಣಿ. ಅದು ಒಂದು ಕಡೆ ವಾಲಿದೆ, ಅಂಚಿನಿಂದ ನೀರು ಹನಿಹನಿಯಾಗಿ ಬೀಳುತ್ತಿದೆ. ಹಿಂದೆ ಕಪ್ಪು ನೀರು. ಆಕೆ ಸತ್ತು ಎಂಟು ವರ್ಷವಾಗಿತ್ತು. ಚೌ ಸುಕ್ ಕತ್ತಲೆ ಕೋಣೆಯಲ್ಲಿ ತಾವೇ ಮಾಡಿದ್ದ ಹಳೆಯ ಪ್ರಿಂಟನ್ನು ಗೆದ್ದಲು ತಿಂದು ಮುಗಿಸಿತ್ತು. ಈಗ ಅವರ ಕೈ ನಡುಗುತ್ತದೆ, ಕತ್ತಲೆ ಕೋಣೆಯಲ್ಲಿ ಮೊಮ್ಮಗಳ ಸ್ಕೂಟರ್ ನಿಲ್ಲುತ್ತದೆ. ಉಳಿದ ದಾರಿ ನಾನು ಮತ್ತು ನನ್ನ ಪ್ರಿಂಟರ್ ಮಾತ್ರ.

ಆ ಫೋಟೊವನ್ನು ನಾನು ಆಗಲೇ ಮೂರು ಸಲ ಪ್ರಿಂಟ್ ಮಾಡಿ ತೋರಿಸಿದ್ದೆ. ಮೂರು ಸಲವೂ ಅವರದು ಒಂದೇ ಮಾತು.

"ಹದಿನಾಲ್ಕು ಹನಿ ಇತ್ತು ಲಾನ್. ಒಂದೊಂದೂ ಬಿಡಿಬಿಡಿಯಾಗಿ ಕಾಣ್ತಿತ್ತು. ನಿನ್ನದ್ರಲ್ಲಿ ಒಂಬತ್ತಿದೆ. ಮಿಕ್ಕ ಐದು ಎಲ್ಲಿ ಹೋಯ್ತು?"

"ಪರದೆ ಮೇಲೆ ಹದಿನಾಲ್ಕೂ ಇದೆ ಸುಕ್."

"ಗೋಡೆಗೆ ಪರದೆ ನೇತು ಹಾಕ್ತೀಯಾ?"

ಸಣ್ಣ ಹನಿಗಳು ಕಾಗದದ ಮೇಲೆ ಅಕ್ಕಪಕ್ಕದ ಶಾಯಿಯಲ್ಲಿ ಮುಳುಗಿಹೋಗುತ್ತಿದ್ದವು. ಹನಿಗಳೆಲ್ಲ ಬಾರದಿದ್ದರೆ ಹೆಂಡತಿಯ ಫೋಟೊವನ್ನು ಗೋಡೆಗೆ ಹಾಕುವುದೇ ಇಲ್ಲ ಎಂದು ಅವರು ಹಟ ಹಿಡಿದಿದ್ದರು. ಅವಳು ನೀರಿನಲ್ಲಿ ನಿಂತದ್ದು ಅರೆಬರೆ ಕಾಣಿಸಿಕೊಳ್ಳುವುದಕ್ಕಲ್ಲ ಎಂಬುದು ಅವರ ವಾದ.

ಸರಿ, ನವೆಂಬರ್ ಮೊದಲ ಶನಿವಾರ ಡಾಕ್ಟರು ತಮ್ಮ ಲ್ಯಾಪ್‌ಟಾಪ್ ಹೊತ್ತು ನನ್ನ ಮಹಡಿ ಹತ್ತಿದರು. ಒಂದೇ ಪ್ರಿಂಟರ್, ಒಂದೇ ಶಾಯಿ, ಒಂದೇ ಕಟ್ಟಿನ ಹತ್ತಿಯ ಕಾಗದ, ಒಂದೇ ಫೋಟೊ. ಬದಲಾಗುವುದು ಡ್ರೈವರ್ ಮಾತ್ರ. ನ್ಯಾಯ ಎಂದರೆ ಹೀಗಿರಬೇಕು ಎಂದು ನಾನೇ ಹೇಳಿದೆ.

ಈ ಕಾಗದಕ್ಕೆ ಒಂದು ಮಗ್ಗುಲಿಗೆ ಮಾತ್ರ ಶಾಯಿ ಹಿಡಿಯುವ ಲೇಪನ ಇರುತ್ತದೆ. ಎರಡೂ ಮಗ್ಗುಲು ನೋಡಲು ಒಂದೇ ತರಹ, ಬೆಳ್ಳಗೆ, ಹೊಳಪಿಲ್ಲದೆ. ಗುರುತಿಸಲು ನಮ್ಮ ಕಸುಬಿನಲ್ಲಿರುವ ಉಪಾಯ ತುಟಿ. ಕಾಗದದ ಮೂಲೆಯನ್ನು ಒದ್ದೆ ತುಟಿಗಳ ನಡುವೆ ಹಿಡಿದರೆ ಲೇಪನದ ಮಗ್ಗುಲು ಚೂರು ಅಂಟುತ್ತದೆ. ನನ್ನ ತುಟಿ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ. ಅವತ್ತೂ ಎರಡು ಹಾಳೆಗಳನ್ನು ತುಟಿಗಿಟ್ಟು ನೋಡಿ, ಲೇಪನ ಮೇಲೆ ಬರುವಂತೆ ಜೋಡಿಸಿ ಇಟ್ಟೆ. ಆಮೇಲೆ ಮೇಕೆ ಕೂದಲಿನ ಬ್ರಷ್ಷಿನಿಂದ ಹತ್ತಿಯ ನಾರನ್ನು ಉದುರಿಸಿ ಮೊದಲ ಹಾಳೆಯನ್ನು ಪ್ರಿಂಟರಿಗೆ ಉಣಿಸಿದೆ. ನನ್ನ ಡ್ರೈವರಿನ ಪ್ರಿಂಟು ಬಂತು. ಎರಡನೆಯ ಹಾಳೆಯನ್ನು ಬ್ರಷ್ ಮಾಡುವಾಗ ಡಾಕ್ಟರು ನನ್ನ ಕಿವಿಯ ಬಳಿ ನಿಂತು ತಮ್ಮ ಡ್ರೈವರಿನ ಹರಿಕಥೆ ನಡೆಸಿದ್ದರು. ನಾನು ಬ್ರಷ್ ಆಡಿಸುತ್ತಲೇ ಉತ್ತರ ಕೊಡುತ್ತಿದ್ದೆ.

ಮಾರನೇ ದಿನ ಕೆಂಗ್ ಸೋ ಒಂದರ ಹಿಂದೆ ಮೀನು, ಇನ್ನೊಂದರ ಹಿಂದೆ ಬಟ್ಟಲು ಬರೆದಳು. ಎಲ್ಲರೂ ಬಾಗಿ ನೋಡಿದರು. ಮೊದಲ ನೋಟಕ್ಕೇ ಗೊತ್ತಾಯಿತು. ಒಂದರಲ್ಲಿ ಒಂಬತ್ತು ಹನಿ. ಇನ್ನೊಂದರಲ್ಲಿ ಕಷ್ಟಪಟ್ಟು ಎಣಿಸಿದರೆ ಆರು. ಕಪ್ಪು ಕೂಡ ಸೋತು ಬೂದಿಯಾಗಿತ್ತು. ಮಗುಚಿದರೆ ಒಂಬತ್ತು ಹನಿಯದು ನನ್ನ ಮೀನು, ಆರು ಹನಿಯದು ಡಾಕ್ಟರ ಬಟ್ಟಲು.

ಡಾಕ್ಟರು ತಮ್ಮ ದುರ್ಬೀನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇದು ಸಾಧ್ಯವೇ ಇಲ್ಲ. ಮನೇಲಿ ಕಪ್ಪು ಹೀಗೆ ಬರ್ತಿರ್ಲಿಲ್ಲ. ಏನೋ ಎಡವಟ್ಟಾಗಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದೆ.

"ಲಾನ್, ನಿಜವಾಗ್ಲೂ ಹೇಳ್ತಿದೀನಿ..."

"ನೆಲ ನನ್ನದು ಡಾಕ್ಟ್ರೇ, ನೆಟ್ಟಗಿದೆ. ನಿಮ್ಮ ಡ್ರೈವರಿಗೆ ಹಲ್ಲು ಹುಳುಕಾಗಿದೆ, ಕಿತ್ತು ಎಸೀರಿ."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಡಾಕ್ಟರ ಮುಖ ಚಿಕ್ಕದಾಯಿತು, ನನಗೆ ಅದೂ ಹಿತವಾಗಿಯೇ ಇತ್ತು. ಸುಳ್ಳೇಕೆ ಹೇಳಲಿ?

ಚೌ ಸುಕ್ ಮಾತ್ರ ನಗಲಿಲ್ಲ. ಎರಡೂ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು ನನ್ನ ಕಡೆ ಸರಿಸಿದರು. "ಹಾಗಾದ್ರೆ ಯಂತ್ರದ ಕೈಲಿ ಒಂಬತ್ತಕ್ಕಿಂತ ಆಗಲ್ಲ. ಬಿಡು. ಮಿಕ್ಕ ಮೂವತ್ತೊಂಬತ್ತು ನೀನೇ ಮಾಡು ಲಾನ್. ಅವಳು ಬೇಡ."

"ಸುಕ್, ಒಂಬತ್ತು ಹನಿ ಇದ್ರೂ ಚಿತ್ರ ಚೆನ್ನಾಗೇ ಇದೆ. ನೋಡೋರಿಗೆ ಏನ್ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ," ಎಂದು ಎದ್ದು ಕೊಡೆ ತೆಗೆದುಕೊಂಡು ಹೋದರು. ಗೆದ್ದವಳಿಗೆ ಕಾಫಿ ಸ್ವಲ್ಪ ಕಹಿಯಾದದ್ದು ನಿಜ. ಆದರೂ ಗೆದ್ದಿದ್ದೆ.

ಬುಧವಾರದ ಹೊತ್ತಿಗೆ ಹನ್ನೊಂದು ಚಿತ್ರ ಮುಗಿಸಿದ್ದೆ. ಅವತ್ತು ಬೆಳಗ್ಗೆ ಪರೀಕ್ಷೆಯ ಪ್ರಿಂಟುಗಳನ್ನು ಕಡತಕ್ಕೆ ಸೇರಿಸಲು ಕೂತೆ. ಸೋತವರ ಪ್ರಿಂಟನ್ನೂ ನಾನು ಎಸೆಯುವುದಿಲ್ಲ. ಹಿಂದೆ ತಾರೀಖು, ಶಾಯಿ, ಡ್ರೈವರ್ ಎಲ್ಲ ಬರೆದಿಡುತ್ತೇನೆ. ಮೀನಿನ ಹಿಂದೆ ಬರೆದೆ. ಪೆನ್ಸಿಲ್ ನುಣುಪಾಗಿ ಓಡಿತು. ಬಟ್ಟಲಿನ ಹಿಂದೆ ಬರೆಯಲು ಹೋದರೆ ಪೆನ್ಸಿಲ್ ಗರಗರ ಎಂದಿತು, ಸ್ಲೇಟಿನ ಮೇಲೆ ಬಳಪ ಗೀಚಿದ ಹಾಗೆ, ತುದಿಯಲ್ಲಿ ಬಿಳಿ ಪುಡಿ ಅಂಟಿತು.

ಬಿಳಿ ಪುಡಿ ಲೇಪನದ್ದು.

ಆದರೂ ನಂಬಲಿಲ್ಲ. ಮೂಲೆಯನ್ನು ತುಟಿಗಿಟ್ಟೆ. ಅಂಟಿತು. ಶಾಯಿ ಇದ್ದ ಮಗ್ಗುಲನ್ನು ತುಟಿಗಿಟ್ಟೆ. ಅಂಟಲಿಲ್ಲ. ಡಾಕ್ಟರ ಪ್ರಿಂಟನ್ನು ಕಾಗದದ ತಪ್ಪು ಮಗ್ಗುಲಿಗೆ ಹೊಡೆದಿದ್ದೆ. ಲೇಪನವಿಲ್ಲದ ಕಡೆ ಶಾಯಿ ಒತ್ತುಗಾಗದದ ಮೇಲೆ ಹರಿದ ಹಾಗೆ ಹರಿದಿತ್ತು. ಹನಿ ಮುಳುಗದೆ ಇನ್ನೇನು ಮಾಡೀತು? ಶನಿವಾರ ಡಾಕ್ಟರಿಗೆ ಮಾರುತ್ತರ ಕೊಡುವ ಭರದಲ್ಲಿ ಹಿಂಬದಿಯ ನಾರನ್ನೂ ಉದುರಿಸಲು ಹಾಳೆಯನ್ನು ಮಗುಚಿದ್ದೆ, ತಿರುಗಿ ಮಗುಚಲು ಮರೆತಿದ್ದೆ. ಕೈ ಮಾಡಿದ ತಪ್ಪು ಈಗ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಡಾಕ್ಟರ ಮೇಲೆ, ಅವರ ಹರಿಕಥೆಯ ಮೇಲೆ, ಮೇಕೆಯ ಮೇಲೆ. ಆಮೇಲೆ ನಾಚಿಕೆ ಬಂತು. ಇಪೋದಲ್ಲಿ ಹೊಸದಾಗಿ ಪ್ರಿಂಟರ್ ಕೊಂಡವನೂ ಮಾಡದ ತಪ್ಪು ಅದು. ಅದಕ್ಕೂ ಆಮೇಲೆ ಬಂದದ್ದನ್ನು ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಪ್ರಿಂಟು ನನ್ನ ಕಡತದಲ್ಲಿದೆ. ಡಾಕ್ಟರು ಸೋಲೊಪ್ಪಿ ಮನೆಯಲ್ಲಿ ಕೂತಿದ್ದಾರೆ. ಸುಕ್ ಕೆಲಸ ನನಗೇ ಕೊಟ್ಟಿದ್ದಾರೆ. ಡಾಕ್ಟರ ಡ್ರೈವರ್ ಅವರ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಗುಟ್ಟಾಗಿ ಇನ್ನೊಂದು ಪ್ರಿಂಟು ತೆಗೆದು ನೋಡಿ ಸಮಾಧಾನ ಮಾಡಿಕೊಳ್ಳಲೂ ಸಾಧ್ಯವಿರಲಿಲ್ಲ. ಬಾಯಿ ಬಿಟ್ಟರೆ ಮಾತ್ರ ಗೊತ್ತಾಗುವುದು. ಬಾಯಿ ಬಿಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಕಾಫಿ ಅಂಗಡಿಯ ಮೇಜಿನ ಮೇಲೆ ಮೊಟ್ಟೆ ಸಿಪ್ಪೆಯ ಜೊತೆ ಬೀಳುತ್ತದೆ.

ಆದರೆ ಕಮ್ ಲಿಂಗ್ ಗೋಡೆಯಿಂದ ಇಳಿದದ್ದು ನನ್ನಿಂದ. ಯಂತ್ರದ ಕೈಲಾಗುವುದಿಲ್ಲ ಎಂದು ಸುಕ್ ನಂಬಿದ್ದು ನನ್ನ ಬ್ರಷ್ಷಿನಿಂದ. ಮೂರು ದಿನ ಆ ಮಾತನ್ನು ನಾನು ಮೂಲೆಗೆ ಸರಿಸಿದೆ, ಅದು ಮೂರು ದಿನವೂ ಬಂದು ಎದುರಿಗೆ ಕೂತಿತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು, ಭಾನುವಾರ ಆ ಪ್ರಿಂಟನ್ನು ಎತ್ತಿಕೊಂಡು ಹೋದೆ.

ನಾನು ಜಂಬ ಕೊಚ್ಚಿದ್ದು ಗಟ್ಟಿ ದನಿಯಲ್ಲಿ. ತಪ್ಪೊಪ್ಪಿಗೆಯನ್ನೂ ಅದೇ ದನಿಯಲ್ಲಿ ಮಾಡಿದೆ. ಅಂಗಡಿಯ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದವರೂ ತಿರುಗಿ ನೋಡಿದರು.

"ಹೋದ ಭಾನುವಾರ ನಾನು ಗೆದ್ದಿದ್ದು ಸುಳ್ಳು. ಡಾಕ್ಟ್ರ ಪ್ರಿಂಟನ್ನ ಹಿಂಬದಿಗೆ ಹೊಡೆದಿದ್ದೆ. ಇಗೋ, ಯಾರು ಬೇಕಾದ್ರೂ ತುಟಿಗಿಟ್ಟು ನೋಡಿ."

ಡಾಕ್ಟರು ಇಟ್ಟು ನೋಡಿದರು. ಮೂಲೆ ಕೆಳತುಟಿಗೆ ಅಂಟಿ ನೇತಾಡಿತು. ಅದನ್ನು ಬಿಡಿಸಿಕೊಳ್ಳುವ ಮೊದಲೇ ಅವರು ಕುಣಿದಾಡಿಬಿಟ್ಟರು.

"ನಾನು ಹೇಳ್ಲಿಲ್ವಾ! ಕಪ್ಪು ಹೀಗೆ ಬರಲ್ಲ ಅಂತ ಹೇಳ್ಲಿಲ್ವಾ! ಒಂದು ವಾರದಿಂದ ನಿದ್ದೆ ಇಲ್ಲ ಮಾರಾಯ್ತಿ. ಆ ಡ್ರೈವರನ್ನ ನಾಲ್ಕು ಸಲ ಕಿತ್ತುಹಾಕಿ ನಾಲ್ಕು ಸಲ ಕೂರಿಸಿದೀನಿ. ನನ್ನ ಹೆಂಡ್ತಿ ನನಗೇ ಬುದ್ಧಿಭ್ರಮಣೆ ಅಂದ್ಲು."

"ಅದು ಡ್ರೈವರಿಂದಲ್ಲ, ಮೊದ್ಲಿಂದ್ಲೂ ಇದ್ದದ್ದು," ಎಂದೆ. ಸೋತರೂ ಬಾಯಿ ಸುಮ್ಮನಿರಬೇಕಲ್ಲ.

"ಲಾನ್ ತಪ್ಪು ಮಾಡಿದ್ಲು ಅಂತ ಅಂಗಡಿ ಗೋಡೆ ಮೇಲೆ ಬರೆಸ್ತೀನಿ," ಎಂದಳು ಕೆಂಗ್ ಸೋ. "ಇನ್ನು ಹತ್ತೊಂಬತ್ತು ವರ್ಷ ಕಾಯ್ಬೇಕಲ್ಲ ಮುಂದಿನದಕ್ಕೆ."

ಚೌ ಸುಕ್ ನಗಲಿಲ್ಲ, ಬಯ್ಯಲೂ ಇಲ್ಲ. "ಹಾಗಾದ್ರೆ ಎಷ್ಟು ಹನಿ ಬರತ್ತೆ ಅಂತ ಇನ್ನೂ ಗೊತ್ತಿಲ್ಲ," ಎಂದು ಮಾತ್ರ ಹೇಳಿದರು. ಅವರ ಬಟ್ಟಲಿನಲ್ಲಿ ಅರ್ಧ ಕಾಫಿ ಉಳಿದಿತ್ತು. ಅದನ್ನು ಅಲ್ಲೇ ಬಿಟ್ಟು ಎದ್ದುಬಿಟ್ಟರು. "ನಡಿ, ಈಗಲೇ."

ಡಾಕ್ಟರು ಓಡಿಹೋಗಿ ಲ್ಯಾಪ್‌ಟಾಪ್ ತಂದರು. ಕೆಂಗ್ ಸೋ ಅಂಗಡಿಯನ್ನು ತಂಗಿಗೆ ಒಪ್ಪಿಸಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಮ್ಮ ಹಿಂದೆ ಮಹಡಿ ಹತ್ತಿದಳು. ಸುಕ್‌ಗೆ ಮೆಟ್ಟಿಲು ಕಷ್ಟ, ನಡುವೆ ಎರಡು ಸಲ ನಿಂತರು. ಅವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಾಳೆಗಳನ್ನು ತೆಗೆದೆ. ಈ ಸಲ ಪ್ರತಿ ಹಾಳೆಯ ಮೂಲೆಯೂ ಮೂರು ಬಾಯಿ ದಾಟಿತು, ನನ್ನದು, ಡಾಕ್ಟರದು, ಕೆಂಗ್ ಸೋದು. ಹಾಳೆಯ ಬೇರೆ ಬೇರೆ ಮೂಲೆ ಅನ್ನಿ. ಕೆಂಗ್ ಸೋ ತುಟಿಗೆ ಬಣ್ಣ ಹಚ್ಚಿದ್ದಳು, ಅವಳ ಮೂಲೆಯಲ್ಲಿ ಕೆಂಪು ಗುರುತು ಬಿತ್ತು. ಅಂಚು ಕತ್ತರಿಸುವಾಗ ಹೋಗುತ್ತದೆ ಎಂದು ಬಿಟ್ಟೆ. ಡಾಕ್ಟರಿಗೆ ನಾಲಗೆ ಅಲುಗಿಸಬಾರದೆಂದು ಕಟ್ಟಪ್ಪಣೆ ಮಾಡಿದೆ. ಬದುಕಿನುದ್ದಕ್ಕೂ ಬೇರೆಯವರಿಗೆ ಬಾಯಿ ತೆರೆಯಿರಿ ಎಂದವರು ಅವತ್ತು ಅರ್ಧ ಗಂಟೆ ಬಾಯಿ ಮುಚ್ಚಿ ನಿಂತರು.

ಎರಡು ಪ್ರಿಂಟುಗಳೂ ಒಣಗಿದವು. ಕೆಂಗ್ ಸೋ ನಮ್ಮನ್ನು ಕಿಟಕಿಯ ಕಡೆ ತಿರುಗಿಸಿ ನಿಲ್ಲಿಸಿ, ಹಿಂದೆ ಗುರುತು ಹಾಕಿ, ಅದಲುಬದಲು ಮಾಡಿ ಮೇಜಿನ ಮೇಲಿಟ್ಟಳು. ಡಾಕ್ಟರು ದುರ್ಬೀನು ತೊಟ್ಟು ಮುಂದೆ ಬಂದರು.

"ನೀವಲ್ಲ," ಎಂದರು ಚೌ ಸುಕ್. "ಲಾನ್ ನೋಡ್ಲಿ. ಅವಳು ಹೇಳಿದ್ದೇ ತೀರ್ಪು."

"ಅವಳು ಪಂದ್ಯದಲ್ಲಿರೋಳು ಸುಕ್!" ಎಂದರು ಡಾಕ್ಟರು.

"ಗೊತ್ತು. ಅವಳೇ ನೋಡ್ಲಿ."

ಮಸೂರ ತೆಗೆದುಕೊಂಡು ಬಾಗಿದೆ. ಒಂದು ಗುಟ್ಟು ಹೇಳುತ್ತೇನೆ. ಈ ಗುರುತು, ಮರೆಮಾಚಾಟ ಎಲ್ಲ ಉಳಿದವರಿಗೆ. ನನ್ನ ಡ್ರೈವರ್ ಹಾಕುವ ಚುಕ್ಕೆಯನ್ನು ನಾನು ನನ್ನ ಕೈಬರಹದ ಹಾಗೆ ಗುರುತಿಸಬಲ್ಲೆ. ಎಡಗಡೆಯದು ನನ್ನದು ಎಂದು ಮಸೂರ ಇಟ್ಟ ಕ್ಷಣವೇ ತಿಳಿಯಿತು. ಅದೇ ಒಂಬತ್ತು ಹನಿ, ಹಳೆಯ ಗೆಳೆಯರ ಹಾಗೆ. ಬಲಗಡೆಯದಕ್ಕೆ ಮಸೂರ ಸರಿಸಿದೆ. ಟೋಪಿಯ ಹುಲ್ಲಿನ ಹೆಣಿಗೆ ಎಳೆ ಎಳೆಯಾಗಿ ಎದ್ದು ನಿಂತಿತ್ತು. ಬೋಗುಣಿಯ ಮರದ ಗೆರೆಗಳಿದ್ದವು. ಹೊಟ್ಟೆ ಉರಿಯಿತು. ಆ ಕ್ಷಣದಲ್ಲಿ ಎಡಗಡೆಯದು ಎಂದು ಬೆರಳು ತೋರಿಸಿದ್ದರೆ ಸುಕ್ ಒಪ್ಪುತ್ತಿದ್ದರು, ಡಾಕ್ಟರು ಗಲಾಟೆ ಮಾಡುತ್ತಿದ್ದರು, ಅಷ್ಟೆ. ಆದರೆ ನನ್ನ ಹೆಮ್ಮೆ ಇದ್ದದ್ದು ಡ್ರೈವರಿನಲ್ಲೋ ಕಣ್ಣಿನಲ್ಲೋ? ಡ್ರೈವರನ್ನು ಯಾರೋ ಬರೆದರು. ಕಣ್ಣು ನನ್ನದು. ಅದನ್ನು ಹಾಳುಮಾಡಿಕೊಳ್ಳಲು ನಾನು ತಯಾರಿರಲಿಲ್ಲ.

"ಬಲಗಡೆದು," ಎಂದೆ. "ಎರಡನೇ ಮಾತೇ ಇಲ್ಲ. ಡಾಕ್ಟ್ರದ್ದು."

ಕೆಂಗ್ ಸೋ ಮಗುಚಿ ನೋಡಿ ತಲೆಯಾಡಿಸಿದಳು. ಡಾಕ್ಟರು ಈ ಸಲ ಕುಣಿಯಲಿಲ್ಲ. ದೀಪದ ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡುತ್ತ ನಿಂತರು.

"ಎಣಿಸು," ಎಂದರು ಸುಕ್.

ಎಣಿಸಿದೆ. ಗಟ್ಟಿಯಾಗಿ, ಮಸೂರವನ್ನು ಬೋಗುಣಿಯ ಅಂಚಿನಿಂದ ನೀರಿನವರೆಗೆ ಮೆಲ್ಲಗೆ ಜಾರಿಸುತ್ತ. ಒಂಬತ್ತಾಯಿತು. ಹತ್ತು, ಹನ್ನೊಂದು. ಹನ್ನೆರಡನೆಯದು ಸಾಸಿವೆಯಷ್ಟೂ ಇರಲಿಲ್ಲ, ಆದರೆ ಇತ್ತು. ಹದಿಮೂರು. ಹದಿನಾಲ್ಕು ಎಂದಾಗ ಸುಕ್ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಕೆಂಗ್ ಸೋ ಚಪ್ಪಾಳೆ ತಟ್ಟಿದಳು. ಫೋಟೊದಲ್ಲಿ ಹನಿ ಎಣಿಸುವವರನ್ನು ಅವಳು ಜನ್ಮದಲ್ಲಿ ಮೊದಲ ಸಲ ನೋಡಿದ್ದು, ಆದರೂ ಅವಳ ಕಣ್ಣು ತುಂಬಿತ್ತು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಅಭ್ಯಾಸಬಲ, ಮಸೂರವನ್ನು ಮುಖದವರೆಗೆ ಒಯ್ದೆ. ಟೋಪಿಯ ನೆರಳು ಮುಖದ ಮೇಲೆ ಬಿದ್ದಿದೆ. ನನ್ನ ಪ್ರಿಂಟಿನಲ್ಲಿ ಅದು ಒಂದೇ ಕಪ್ಪು. ಇಲ್ಲಿ ಆ ಕಪ್ಪಿನೊಳಗೆ ಕೆನ್ನೆ ಇತ್ತು, ಕೆನ್ನೆಯ ಕೆಳಗೆ, ಗಲ್ಲದ ತುದಿಯಲ್ಲಿ, ಒಂದು ಬಿಳಿ ಚುಕ್ಕೆ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಇದನ್ನು ನೋಡಿದ್ದೆ. ಧೂಳು, ಹೇಗೂ ನೆರಳಲ್ಲಿ ಕಾಣುವುದಿಲ್ಲ ಎಂದು ಅಳಿಸದೆ ಬಿಟ್ಟಿದ್ದೆ. ಈಗ ನೋಡಿದರೆ ಧೂಳಲ್ಲ. ಧೂಳಿಗೆ ಚೂಪು ಅಂಚಿರುತ್ತದೆ. ಇದರ ತಲೆ ಬೆಳಗಿತ್ತು, ತಳ ಮಬ್ಬಾಗಿತ್ತು, ಬೋಗುಣಿಯ ಹನಿಗಳ ಹಾಗೆಯೇ.

"ಇನ್ನೊಂದಿದೆ," ಎಂದೆ.

"ಇರಲ್ಲ," ಎಂದರು ಸುಕ್. "ಹದಿನಾಲ್ಕೇ."

"ಇದೆ ಸುಕ್. ಗಲ್ಲದ ಮೇಲೆ. ನನ್ನ ಕಣ್ಣು ತಪ್ಪಲ್ಲ."

ಅವರು ಎದ್ದು ಬಂದರು. ಡಾಕ್ಟರು ತಮ್ಮ ಕನ್ನಡಕವನ್ನೇ ಅವರಿಗೆ ತೊಡಿಸಿ ದೀಪ ಹಚ್ಚಿದರು. ಸುಕ್ ಬಹಳ ಹೊತ್ತು ಬಾಗಿಯೇ ಇದ್ದರು.

"ಬೆವರಿರ್ಬೇಕು," ಎಂದರು ಡಾಕ್ಟರು, ಮೆಲ್ಲಗೆ.

"ಡಿಸೆಂಬರ್ ತಿಂಗಳು. ಬೆಳಗ್ಗೆ ಏಳು ಗಂಟೆ. ಸೊಂಟದ ತನಕ ತಣ್ಣೀರು," ಎಂದರು ಸುಕ್, ತಲೆ ಎತ್ತದೆ. "ಯಾವ ಬೆವರು ಡಾಕ್ಟ್ರೇ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರು ಸಲ ನಿಲ್ಲಿಸಿದ್ದೆ ಅವಳನ್ನ. ಮಗೂಗೆ ಜ್ವರ, ಮನೆಗೆ ಹೋಗ್ತೀನಿ ಅಂದ್ಲು. ಇನ್ನೊಂದೇ ಒಂದು, ಬೆಳಕು ಚೆನ್ನಾಗಿದೆ ಅಂದೆ. ಬೋಗುಣಿ ಎತ್ತಿದ್ಲು." ಟೋಪಿಯ ನೆರಳಿನ ಕಡೆ ಬೆರಳು ಮಾಡಿ ಹೇಳಿದರು, "ಕತ್ತಲೆ ಕೋಣೇಲಿ ಆ ನೆರಳನ್ನ ಪ್ರತಿ ಸಲವೂ ಇನ್ನಷ್ಟು ಕಪ್ಪಗೆ ಮಾಡ್ತಿದ್ದೆ. ಚಿತ್ರಕ್ಕೆ ಗಾಂಭೀರ್ಯ ಬರತ್ತೆ ಅಂತ. ಅದರೊಳಗೆ ಇದು ಇತ್ತು ಅಂತ ಗೊತ್ತೇ ಇರ್ಲಿಲ್ಲ."

ನನ್ನ ಕಸುಬಿನಲ್ಲಿ ಇಂಥದ್ದಕ್ಕೆಲ್ಲ ಔಷಧವಿದೆ. ಒಂದು ಚುಕ್ಕೆ, ಒಂದು ಕ್ಷಣದ ಕೆಲಸ. "ಸುಕ್, ಬೇಕಾದ್ರೆ ತೆಗೆದುಬಿಡ್ತೀನಿ," ಎಂದೆ. "ಯಾರಿಗೂ ಗೊತ್ತಾಗಲ್ಲ. ಹದಿನಾಲ್ಕು ಹದಿನಾಲ್ಕಾಗೇ ಇರತ್ತೆ."

"ಮುಟ್ಬೇಡ," ಎಂದರು ಅವರು. ಅಷ್ಟು ಗಡುಸಾಗಿ ಅವರು ನನ್ನೊಡನೆ ಎಂದೂ ಮಾತಾಡಿರಲಿಲ್ಲ. ಆಮೇಲೆ ದನಿ ತಗ್ಗಿಸಿ, "ಬಾಗಿಲಿಗೆ ಎದುರಾಗಿ ಹಾಕು. ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಬಂದೋರಿಗೆ ನಾನೇ ಹೇಳ್ತೀನಿ," ಎಂದರು.

"ಏನಂತ ಹೇಳ್ತೀರಿ?" ಎಂದು ಕೆಂಗ್ ಸೋ ಕೇಳಿದಳು.

"ಹದಿನೈದು ಅಂತ."